ಕೆದರಿದ ಕೋಣೆ, ದಣಿದ ಮಗು

ಓದುವ ಭಾಗ: 1 ಅರಸುಗಳು 19:1–18, 2 ಅರಸುಗಳು 4:8–10

ಯಾದಗಿರಿ, ಶಹಾಪುರ, ಸುರಪುರ ಕಡೆಯ ಓದುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಸೇರಿಸಿ ಈ ಪಾಠ ತಯಾರು ಮಾಡಿದ್ದೇನೆ. ವಿಷಯ ಬಹಳ ಸಣ್ಣದು ಅನಿಸಬಹುದು. ಓದುವ ಮಕ್ಕಳು ಮಲಗುವ ಜಾಗ ಯಾಕೆ ಯಾವಾಗಲೂ ಕೆದರಿಕೊಂಡಿರುತ್ತದೆ? ಅಷ್ಟೇ ಪ್ರಶ್ನೆ. ಪ್ರಶ್ನೆ ಸಣ್ಣದಾದರೂ ಅದರ ಹಿಂದೆ ಒಂದು ಮಗುವಿನ ಜೀವ ಇದೆ, ಅದಕ್ಕೇ ಇವತ್ತು ಇದನ್ನೇ ಧ್ಯಾನಿಸೋಣ.

ಮನೆ ಭೇಟಿಗೆ ಹೋದಾಗ ತಾಯಂದಿರು ನನ್ನ ಮುಂದೆ ಹೇಳುವ ದೂರು ಬಹಳ ಸಲ ಒಂದೇ ಇರುತ್ತದೆ. "ಪಾಸ್ಟರ್, ಇವನಿಗೆ ಸ್ವಲ್ಪ ಬುದ್ಧಿ ಹೇಳ್ರಿ. ಎದ್ದ ಹಾಸಿಗಿ ಮಡಚಂಗಿಲ್ಲ. ಬಿಚ್ಚಿದ ಅರಬಿ ಅಲ್ಲೇ, ಪುಸ್ತಕ ಅಲ್ಲೇ, ಉಂಡ ತಾಟು ಅಲ್ಲೇ. ಎಂಥಾ ಸೋಮಾರಿ ಅದಾನ ನೋಡ್ರಿ." ಆ ಹುಡುಗ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿರುತ್ತಾನೆ. ಕಣ್ಣು ಕೆಂಪಗೆ, ನಿದ್ದೆಗೆಟ್ಟು. ಸೋಮಾರಿಯ ಕಣ್ಣು ಹಾಗಿರೋದಿಲ್ಲ, ಪ್ರಿಯರೇ. ಸೋಮಾರಿ ಹೊಟ್ಟೆತುಂಬ ನಿದ್ದೆ ಮಾಡಿರುತ್ತಾನೆ.

1. ನಮ್ಮ ಮಕ್ಕಳಿಗೆ ಕೋಣೆ ಅಂದರೆ ಯಾವುದು?

ಮೊದಲು ಇದನ್ನು ಕೇಳಿಕೊಳ್ಳೋಣ. ಟಿವಿಯಲ್ಲಿ ತೋರಿಸುವ ಹಾಗೆ ಮಗುವಿಗೊಂದು ಕೋಣೆ, ಮೇಜು, ಕಪಾಟು, ಫ್ಯಾನು ನಮ್ಮ ಕಡೆ ಎಷ್ಟು ಮನೆಯಲ್ಲಿದೆ? ಒಬ್ಬನಿಗೆ ಪಡಸಾಲೆಯ ಒಂದು ಮೂಲೆ, ಗೋಡೆಯೊಳಗಿನ ಒಂದು ಮಾಡ, ಮೇಲೆ ಕಟ್ಟಿದ ಒಂದು ಹಗ್ಗ. ಇನ್ನೊಬ್ಬಳಿಗೆ ಸರ್ಕಾರಿ ಹಾಸ್ಟೆಲಿನ ಒಂದು ಮಂಚ, ಅದರ ಕೆಳಗೆ ಒಂದು ಟ್ರಂಕು. ಮತ್ತೊಬ್ಬ ಶಹಾಪುರದಲ್ಲೋ ಯಾದಗಿರಿಯಲ್ಲೋ ಮೂರು ಮಂದಿ ಗೆಳೆಯರ ಜೊತೆ ರೂಮ್ ಮಾಡಿಕೊಂಡಿರುತ್ತಾನೆ. ಅದೇ ರೂಮಿನಲ್ಲಿ ಅಡುಗೆಯ ಸ್ಟೋವ್, ಅಕ್ಕಿ ಚೀಲ, ಊರಿಂದ ತಂದ ಖಡಕ್ ರೊಟ್ಟಿ ಗಂಟು, ನಾಲ್ಕು ಮಂದಿಯ ಅರಿವೆ, ನಾಲ್ಕು ಮಂದಿಯ ಪುಸ್ತಕ. ತಂದೆತಾಯಿ ಬೆಂಗಳೂರಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ ದುಡಿಯಲು ಹೋಗಿದ್ದರೆ ಮಗು ಅಜ್ಜಿಯ ಮನೆಯಲ್ಲಿ ಬೆಳೆಯುತ್ತದೆ. ಬೇಸಿಗೆಯಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ ಕೂತು ಓದುವ ಮಗುವಿಗೆ ಬೆವರು ಒರೆಸಿಕೊಳ್ಳುವುದೇ ಒಂದು ಕೆಲಸ.

ಆದ್ದರಿಂದ ಕೋಣೆ ಕೆದರಿದೆ ಅನ್ನುವ ಮೊದಲು, ಅಲ್ಲಿ ಎಷ್ಟು ಸಾಮಾನಿಗೆ ಎಷ್ಟು ಜಾಗ ಇದೆ ಎಂದು ನೋಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀವಿ. ಹಾಸಿಗೆ ಮೇಲೆ ಪುಸ್ತಕ ತುಂಬಿದ್ದರೆ ಕಾಲು ಚಾಚೋದೆಲ್ಲಿ?

2. ಒಂದು ದಿನದ ಲೆಕ್ಕ

ಈಗ ಒಂದು ಲೆಕ್ಕ ಹಾಕೋಣ. ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಪಿಯುಸಿ ಓದುವ ಒಬ್ಬ ಹುಡುಗಿಯನ್ನು ತೆಗೆದುಕೊಳ್ಳಿ. ಕಾಲೇಜಿಗೆ 7 ತಾಸು. ಬಸ್ ಕಾಯುವುದು, ಹೋಗಿ ಬರುವುದು ಸೇರಿ 3 ತಾಸು. ಟ್ಯೂಷನ್ 2 ತಾಸು. ನೀರು ತುಂಬುವುದು, ರೊಟ್ಟಿ ಬಡಿಯುವುದು, ಪಾತ್ರೆ, ಕಸ ಎಲ್ಲ ಸೇರಿ 3 ತಾಸು. ಸ್ನಾನ, ಊಟ 2 ತಾಸು. ನಿದ್ದೆ 6 ತಾಸು. ಕೂಡಿಸಿದರೆ 23 ಆಯಿತು. ಉಳಿದದ್ದು 1 ತಾಸು. ಆ ಒಂದು ತಾಸಿನಲ್ಲಿ ಅವಳು ಓದಬೇಕಾ, ಅರಿವೆ ಮಡಚಬೇಕಾ? ಹತ್ತಿ ಬಿಡಿಸುವ ದಿನಗಳು ಬಂದರೆ, ಭತ್ತದ ಕೆಲಸ ಬಂದರೆ ಆ ಒಂದು ತಾಸೂ ಹೋಗುತ್ತದೆ.

ಈ ಲೆಕ್ಕದಲ್ಲಿ ನಿದ್ದೆ 6 ತಾಸು ಎಂದು ಬರೆದೆ. ಆ ವಯಸ್ಸಿನ ಮಕ್ಕಳಿಗೆ ಬೇಕಾದದ್ದು 8ರಿಂದ 10 ತಾಸು ಎಂದು ವೈದ್ಯರು ಹೇಳುತ್ತಾರೆ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ನಿದ್ದೆ ಕಡಿಮೆ ಮಾಡಿ ಓದಿಸುವುದು ತೂತು ಬಿದ್ದ ಕೊಡದಲ್ಲಿ ನೀರು ತುಂಬಿಸಿದ ಹಾಗೆ.

ಇದರ ಮೇಲೆ ಪರೀಕ್ಷೆಯ ಭಾರ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಯಾದಗಿರಿ ಜಿಲ್ಲೆ ಶೇಕಡಾ 50.59ರೊಂದಿಗೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಮೊದಲ ಸ್ಥಾನ ಉಡುಪಿಗೆ, ಶೇಕಡಾ 94. 2023ರಲ್ಲೂ ಕೊನೆಯ ಹೆಸರು ನಮ್ಮದೇ. ಪೇಪರಿನಲ್ಲಿ ಅದು ಒಂದು ಸಾಲು. ಆದರೆ ನಮ್ಮ ಮಕ್ಕಳು ಆ ಸಾಲನ್ನು ಹೊತ್ತುಕೊಂಡು ಶಾಲೆಗೆ ಹೋಗುತ್ತಾರೆ. "ನೀವು ಯಾದಗಿರಿಯವ್ರು, ಇಷ್ಟೇ" ಅನ್ನುವ ಮಾತು ಅವರ ಕಿವಿಗೆ ಬೀಳುತ್ತದೆ. ಪಿಯುಸಿ ವಿಜ್ಞಾನ ಓದುವವರಿಗಂತೂ ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ, ಮೇ ತಿಂಗಳಲ್ಲಿ 720 ಅಂಕದ ನೀಟ್. ಮೂರಕ್ಕೂ ಮೂರು ಥರದ ಓದು, ಮೂರು ರಾಶಿ ಪುಸ್ತಕ. ಆ ಮೂರು ರಾಶಿ ಒಂದೇ ಹಾಸಿಗೆ ಮೇಲೆ ಬಂದು ಬೀಳುತ್ತದೆ. ಅದನ್ನೇ ನಾವು ಕಸ ಅನ್ನುತ್ತೇವೆ.

3. ಕೆದರಿದ ಕೋಣೆಯೂ ಕೆದರಿದ ಮನಸ್ಸೂ

ಒತ್ತಡದಿಂದ ಕೋಣೆ ಕೆದರುತ್ತದೆ. ಕೆದರಿದ ಕೋಣೆ ತಿರುಗಿ ಒತ್ತಡ ಕೊಡುತ್ತದೆ. ಇದು ಎರಡೂ ಕಡೆಯಿಂದ ತಿರುಗುವ ಬೀಸುಕಲ್ಲು.

ಕಣ್ಣೆದುರು ಬಹಳ ವಸ್ತು ಇದ್ದಾಗ ಅವೆಲ್ಲ ನಮ್ಮ ಮೆದುಳಿನ ಗಮನಕ್ಕಾಗಿ ಒಂದಕ್ಕೊಂದು ಪೈಪೋಟಿ ಮಾಡುತ್ತವೆ ಎಂದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2011ರಲ್ಲಿ ತೋರಿಸಿದ್ದಾರೆ. ನೀವು ಗಣಿತ ನೋಡುತ್ತಿರುತ್ತೀರಿ, ಪಕ್ಕದಲ್ಲಿ ಬಿದ್ದ ಇಂಗ್ಲಿಷ್ ನೋಟ್ಸ್ ಕಣ್ಣಿಗೆ ಬೀಳುತ್ತದೆ, ಒಗೆಯದ ಯೂನಿಫಾರ್ಮ್ ಕಣ್ಣಿಗೆ ಬೀಳುತ್ತದೆ, ಮೊಬೈಲ್ ಮಿನುಗುತ್ತದೆ. ಒಂದೊಂದೂ "ನನ್ನ ಕೆಲಸ ಇನ್ನೂ ಮುಗಿದಿಲ್ಲ" ಎಂದು ಕೂಗುತ್ತದೆ. ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ಬಿಟ್ಟ ಕೆಲಸವೇ ಮನಸ್ಸಿನಲ್ಲಿ ಹೆಚ್ಚು ಉಳಿಯುತ್ತದೆ ಎಂದು ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಲ್ಲೇ ಬರೆದಿದ್ದರು. ಬೋರಲು ಹಾಕಿಟ್ಟ ಪುಸ್ತಕ ಅಂಥ ಒಂದು ಅರ್ಧಕ್ಕೆ ನಿಂತ ಕೆಲಸ. ಅಂಥವು ಹತ್ತು ಸುತ್ತಲೂ ಬಿದ್ದಿದ್ದರೆ ಮಗುವಿಗೆ ಮಲಗಿದರೂ ನಿದ್ದೆ ಬರೋದಿಲ್ಲ.

ಹಾಗಂತ ಕೆದರಿದ ಮೇಜೆಲ್ಲ ಕೆಟ್ಟದ್ದು ಎಂದೂ ಹೇಳಬಾರದು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಬಂದಾಗ ಅವರ ಪ್ರಯೋಗಾಲಯದ ಮೇಜಿನ ಮೇಲೆ ತೊಳೆಯದೆ ಬಿಟ್ಟ ತಟ್ಟೆಗಳಿದ್ದವು. ಅದರಲ್ಲೊಂದಕ್ಕೆ ಬೂಸು ಹಿಡಿದಿತ್ತು. ಆ ಬೂಸಿನಿಂದಲೇ ಪೆನ್ಸಿಲಿನ್ ಸಿಕ್ಕಿತು. ಕೆಲಸ ನಡೆಯುತ್ತಿರುವ ಜಾಗ ಸ್ವಲ್ಪ ಕೆದರೇ ಇರುತ್ತದೆ. ರೊಟ್ಟಿ ಬಡಿಯುವಾಗ ಅಡುಗೆಮನೆಯಲ್ಲಿ ಹಿಟ್ಟು ಚೆಲ್ಲಿರೋದಿಲ್ಲವೇ?

ಇನ್ನೊಂದು ಮಾತು. ಶುಚಿತ್ವವನ್ನೂ ದೈವಭಕ್ತಿಯನ್ನೂ ಪಕ್ಕಪಕ್ಕ ಇಡುವ ಒಂದು ಇಂಗ್ಲಿಷ್ ಗಾದೆ ಇದೆ. ಬಹಳ ಜನ ಅದನ್ನು ಸತ್ಯವೇದದ ವಾಕ್ಯ ಎಂದು ತಿಳಿದಿದ್ದಾರೆ. ಅದು ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ. ಜಾನ್ ವೆಸ್ಲಿಯವರು ಉಡುಪಿನ ವಿಷಯದ ತಮ್ಮ ಪ್ರಸಂಗದಲ್ಲಿ ಅದನ್ನು ಬಳಸಿದ್ದರಿಂದ ಸಭೆಗಳಲ್ಲಿ ಹರಡಿತು. ಆದ್ದರಿಂದ ಹಾಸಿಗೆ ಮಡಚದ ಮಗುವಿಗೆ "ನೀನು ದೇವರಿಗೆ ಬೇಡಾದವನು" ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

4. ಕೋಣೆಯನ್ನು ಓದುವುದು ಹೇಗೆ?

ತಂದೆತಾಯಿಗಳೇ, ಮಕ್ಕಳು ಪುಸ್ತಕ ಓದಲಿ, ನೀವು ಕೋಣೆ ಓದಿರಿ. ಕೆದರಿದ್ದರಲ್ಲಿ ಮೂರು ಬಗೆ ಇದೆ.

ಮೊದಲನೆಯದು, ಸಮಯ ಸಾಲದ ಕೆದರು. ಪುಸ್ತಕ ತೆರೆದಿರುತ್ತದೆ, ಪೆನ್ನಿನ ಮುಚ್ಚಳ ತೆಗೆದಿರುತ್ತದೆ, ಚಹಾದ ಲೋಟ ಪಕ್ಕದಲ್ಲೇ ಇರುತ್ತದೆ. ಇಲ್ಲಿ ಕೆಲಸ ನಡೆದಿದೆ. ಈ ಮಗುವಿಗೆ ಬೈಗುಳ ಬೇಡ, ಅರ್ಧ ತಾಸು ಬಿಡುವು ಬೇಕು.

ಎರಡನೆಯದು, ಭಯದ ಕೆದರು. ಎಲ್ಲ ಪುಸ್ತಕ ಅತ್ತಿತ್ತ ಓಡಾಡಿರುತ್ತದೆ, ಒಂದು ಪುಸ್ತಕ ಮಾತ್ರ ಮೂಲೆಯಲ್ಲಿ ಧೂಳು ಹಿಡಿದು ಕೂತಿರುತ್ತದೆ. ಅದು ಗಣಿತವೋ ಇಂಗ್ಲಿಷೋ ಭೌತಶಾಸ್ತ್ರವೋ ಇರುತ್ತದೆ. ಧೂಳು ಎಲ್ಲಿ ಕೂತಿದೆಯೋ ಅಲ್ಲಿ ಮಗುವಿನ ಹೆದರಿಕೆ ಕೂತಿದೆ. ಆ ಮಗು ಸೋಮಾರಿ ಎಂದು ತೀರ್ಮಾನಿಸಬೇಡಿ. ಅರ್ಥವಾಗದ್ದನ್ನು ಮುಟ್ಟಲು ಅದಕ್ಕೆ ನಾಚಿಕೆ. "ಇದು ತಿಳೀವಲ್ದು" ಎಂದು ಹೇಳಿದರೆ ಯಾರು ಏನಂತಾರೋ ಎಂದು ಸುಮ್ಮನಿದೆ. ಅದರ ಪಕ್ಕ ಕೂತು, "ಯಾವ ಪಾಠದಿಂದ ಬಿಟ್ಟಿತು, ತಮ್ಮಾ?" ಎಂದು ಕೇಳುವವರೊಬ್ಬರು ಬೇಕು.

ಮೂರನೆಯದು, ಆಸೆ ಬಿಟ್ಟ ಕೆದರು. ಮೊದಲು ಚೆನ್ನಾಗಿ ಇಟ್ಟುಕೊಳ್ಳುತ್ತಿದ್ದ ಮಗು ಏಕಾಏಕಿ ಎಲ್ಲ ಬಿಟ್ಟಿದೆ. ಸ್ನಾನ ಬಿಟ್ಟಿದೆ, ಊಟದ ತಾಟು ತುಂಬಿದ ಹಾಗೇ ಉಳಿದಿದೆ, ಗೆಳೆಯರು ಬಂದರೆ ಹೊರಗೆ ಬರೋದಿಲ್ಲ. ರಾತ್ರಿ ಎಚ್ಚರ, ಹಗಲು ಮಲಗುತ್ತದೆ. ಪ್ರೀತಿಯಿಂದ ಇಟ್ಟುಕೊಂಡಿದ್ದ ವಸ್ತುವನ್ನು ಬೇರೆಯವರಿಗೆ ಕೊಟ್ಟುಬಿಡುತ್ತದೆ. ಇದನ್ನು ಕಂಡ ದಿನವೇ ಎಚ್ಚರವಾಗಿರಿ. 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವ ತಾವೇ ಕಳೆದುಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಯ ವರದಿ ಹೇಳುತ್ತದೆ. ಒಂದೊಂದು ಮಗುವಿಗೂ ಒಂದು ಹಾಸಿಗೆ, ಒಂದು ಚೀಲ, ಒಂದಿಷ್ಟು ಪುಸ್ತಕ ಇದ್ದವು. ನೋಡುವ ಕಣ್ಣು ಇರಬೇಕಿತ್ತು.

5. ಜಾಲಿಗಿಡದ ಕೆಳಗಿನ ಪ್ರವಾದಿ

ಈಗ ವಾಕ್ಯಕ್ಕೆ ಬರೋಣ. 1 ಅರಸುಗಳು 18ರಲ್ಲಿ ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಜಯ ಕಂಡನು. ಅಹಾಬನ ರಥದ ಮುಂದೆ ಓಡಿದನು. 19ನೇ ಅಧ್ಯಾಯದಲ್ಲಿ ಈಜೆಬೆಲಳ ಒಂದು ಬೆದರಿಕೆಯ ಸುದ್ದಿ ಬಂದ ಕೂಡಲೇ ಅದೇ ಎಲೀಯನು ಬೇರ್ಷೆಬಕ್ಕೆ ಓಡಿಹೋದನು. ಸೇವಕನನ್ನು ಅಲ್ಲಿಯೇ ಬಿಟ್ಟನು. ಒಬ್ಬನೇ ಅರಣ್ಯದೊಳಗೆ ಒಂದು ದಿನದ ದಾರಿ ನಡೆದು, ಜಾಲಿಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಕೋ ಎಂಬರ್ಥದಲ್ಲಿ ಬೇಡಿಕೊಂಡನು. ಜಾಲಿಗಿಡ ನಮಗೆ ಹೊಸದಲ್ಲ. ನಮ್ಮ ಹೊಲದ ಬದುವಿನಲ್ಲಿ ಅದೇ ಇದೆ. ಅದರ ನೆರಳು ಎಷ್ಟು ತೆಳು ಎಂದು ನಮಗೆ ಗೊತ್ತು.

ದೇವರು ಆಗ ಏನು ಮಾಡಿದನು? ಗಮನಿಸಿ ನೋಡಿರಿ. ಗದರಿಸಲಿಲ್ಲ. ನಿನ್ನೆ ಅಷ್ಟು ದೊಡ್ಡ ಕೆಲಸ ಮಾಡಿದವನು ಇವತ್ತು ಹೀಗಾ ಎಂದು ಕೇಳಲಿಲ್ಲ. ಮೊದಲು ಮಲಗಲು ಬಿಟ್ಟನು. ದೂತನು ಬಂದು ತಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಸುಟ್ಟ ರೊಟ್ಟಿ ಇತ್ತು, ನೀರು ಇತ್ತು. ತಿಂದು ಮತ್ತೆ ಮಲಗಿದನು. ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸಿದನು, ಯಾಕಂದರೆ ಮುಂದಿನ ದಾರಿ ಅವನ ಶಕ್ತಿಗೆ ಮೀರಿದ್ದು ಎಂದು ದೇವರಿಗೇ ಗೊತ್ತಿತ್ತು. ಎರಡು ನಿದ್ದೆ, ಎರಡು ಊಟ ಆದ ಮೇಲೆ, 40 ದಿನ ನಡೆದು ಹೋರೇಬಿಗೆ ಬಂದ ಮೇಲೆ ಪ್ರಶ್ನೆ ಬಂತು. ಆ ಪ್ರಶ್ನೆಯೂ ಎಲೀಯನು ಮನಸ್ಸು ಬಿಚ್ಚಿ ಮಾತಾಡುವ ಹಾಗೆ ಕೇಳಿದ ಪ್ರಶ್ನೆ. ಕೊನೆಗೆ ಅವನಿಗೆ ಜೊತೆಗಾರನಾಗಿ ಎಲೀಷನನ್ನು ತೋರಿಸಿದನು. ನೀನೊಬ್ಬನೇ ಇಲ್ಲ, ಇನ್ನೂ 7,000 ಮಂದಿ ಇದ್ದಾರೆ ಎಂದು ತಿಳಿಸಿದನು.

ಕ್ರಮ ನೋಡಿರಿ: ನಿದ್ದೆ, ಊಟ, ಪ್ರಶ್ನೆ, ಜೊತೆ. ನಾವು ಮನೆಯಲ್ಲಿ ಈ ಕ್ರಮವನ್ನು ತಲೆಕೆಳಗೆ ಮಾಡುತ್ತೇವೆ. ಮಗು ಬಾಗಿಲೊಳಗೆ ಕಾಲಿಟ್ಟ ಕೂಡಲೇ ಪ್ರಶ್ನೆ, "ಟೆಸ್ಟಿನ್ಯಾಗ ಎಷ್ಟು ಬಂತು? ಯಾಕ ಹಿಂಗ ಬಿದ್ದದ ಇದೆಲ್ಲ?" ಊಟ ಆಮೇಲೆ, ನಿದ್ದೆ ಸಿಕ್ಕರೆ ಸಿಕ್ಕಿತು, ಜೊತೆ ಅಂತೂ ಇಲ್ಲ. ದೇವರಿಗೆ ಸ್ತೋತ್ರ, ಆತನ ಕ್ರಮ ನಮ್ಮದಕ್ಕಿಂತ ಕರುಣೆಯದು.

6. ಶೂನೇಮಿನ ಕೋಣೆ

ಇನ್ನು ಯೌವನಸ್ಥರಿಗೆ. ಒತ್ತಡ ಇದೆ ಎಂದು ಕೋಣೆ ಹಾಗೇ ಬಿಡಬಹುದು ಎಂದು ನಾನು ಹೇಳುತ್ತಿಲ್ಲ. 2 ಅರಸುಗಳು 4ರಲ್ಲಿ ಶೂನೇಮ್ ಊರಿನ ಒಬ್ಬ ಸ್ತ್ರೀ ಎಲೀಷನಿಗೋಸ್ಕರ ಮಾಳಿಗೆಯ ಮೇಲೆ ಸಣ್ಣ ಕೋಣೆ ಕಟ್ಟಿಸೋಣ ಎಂದು ಗಂಡನಿಗೆ ಹೇಳಿದಳು. ಅದರಲ್ಲಿ ಇಡಬೇಕೆಂದು ಅವಳು ಹೇಳಿದ್ದು ನಾಲ್ಕೇ ವಸ್ತು: ಮಂಚ, ಮೇಜು, ಕುರ್ಚಿ, ದೀಪ. ದಣಿದು ಬಂದವನಿಗೆ ಮಲಗಲು, ಬರೆಯಲು, ಕೂರಲು, ನೋಡಲು ಬೇಕಾದದ್ದಷ್ಟೇ. ನಿಮಗೆ ಮಂಚದ ಬದಲು ಚಾಪೆ ಇರಬಹುದು, ಮೇಜಿನ ಬದಲು ಟ್ರಂಕು ಇರಬಹುದು. ಆದರೆ ಲೆಕ್ಕ ಅದೇ. ಮಲಗುವ ಜಾಗ ಖಾಲಿ ಇರಲಿ, ಬರೆಯುವ ಜಾಗ ಖಾಲಿ ಇರಲಿ, ಬೆಳಕು ಬರಲಿ. ಉಳಿದದ್ದು ನಿಧಾನಕ್ಕೆ.

ದೇವರು ಲೋಕವನ್ನೇ ಆರು ದಿನ ತೆಗೆದುಕೊಂಡು ಕ್ರಮಕ್ಕೆ ತಂದನು. ಮೊದಲ ದಿನ ಬೆಳಕು. ಆಮೇಲೆ ಬೇರೆ ಬೇರೆ ಮಾಡಿದನು, ಆಮೇಲೆ ತುಂಬಿಸಿದನು. ನೀವೂ ಹಾಗೇ ಮಾಡಿರಿ. ರಾತ್ರಿ ಮಲಗುವ ಮುಂಚೆ 10 ನಿಮಿಷ ಸಾಕು. ಕಿಟಕಿ ತೆರೆಯಿರಿ. ಹಾಸಿಗೆ ಮೇಲಿನದನ್ನು ಮೂರು ಪಾಲು ಮಾಡಿರಿ: ನಾಳೆಗೆ ಬೇಕಾದ ಪುಸ್ತಕ ಚೀಲಕ್ಕೆ, ಉಳಿದ ಪುಸ್ತಕ ಗೋಡೆಗೆ ಆನಿಸಿ ಒಂದು ಸಾಲಾಗಿ, ಒಗೆಯುವ ಅರಿವೆ ಒಂದು ಗಂಟಾಗಿ. ಲೋಟ, ತಾಟು ಬಚ್ಚಲಿಗೆ. ತಲೆಯಲ್ಲಿ ತಿರುಗುತ್ತಿರುವ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಬರೆದ ಮೇಲೆ ಮನಸ್ಸು ಅದನ್ನು ಹೊತ್ತು ತಿರುಗಬೇಕಾಗಿಲ್ಲ. ಮೊಬೈಲನ್ನು ದಿಂಬಿನಿಂದ ದೂರ ಇಡಿ. ನಿಮ್ಮ ಪ್ರಾರ್ಥನೆಯನ್ನೂ ಅದೇ 10 ನಿಮಿಷದೊಳಗೆ ಮಾಡಿರಿ. ಪುಸ್ತಕ ಇಡುವಾಗ ಆ ವಿಷಯದ ಭಯವನ್ನೂ ಕರ್ತನ ಮುಂದೆ ಇಡಿರಿ.

"ಪ್ರಾರ್ಥನಿಗೆ ಜಾಗನೇ ಇಲ್ಲ" ಎಂದು ಕೆಲವರು ಹೇಳುತ್ತೀರಿ. ಜಾನ್ ವೆಸ್ಲಿಯವರ ತಾಯಿ ಸುಸಾನ್ನಾ 19 ಮಕ್ಕಳನ್ನು ಹೆತ್ತವಳು. ಮಕ್ಕಳು ತುಂಬಿದ ಮನೆಯಲ್ಲಿ ಆಕೆ ಅಡುಗೆಯ ಬಟ್ಟೆಯನ್ನೇ ತಲೆಯ ಮೇಲೆ ಹಾಕಿಕೊಂಡು ಪ್ರಾರ್ಥಿಸುತ್ತಿದ್ದಳು ಎಂದು ಹೇಳುತ್ತಾರೆ. ಆಕೆಗೆ ಅದೇ ಕೋಣೆ.

7. ಮನೆಯವರೂ ಸಭೆಯೂ

ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿರಿ. ಎಷ್ಟೋ ಮನೆಯಲ್ಲಿ ಮಗನ ಕೋಣೆ ಚೊಕ್ಕ ಇರುತ್ತದೆ, ಯಾಕಂದರೆ ಅದನ್ನು ಬಳಿಯುವವಳು ಅವನ ತಂಗಿ. ಅವಳಿಗೂ ನಾಳೆ ಪರೀಕ್ಷೆ ಇದೆ. ಅವಳ ಪುಸ್ತಕ ಎಲ್ಲಿದೆ ಎಂದು ಯಾರೂ ಕೇಳೋದಿಲ್ಲ. ಮೇಲಿನ ಲೆಕ್ಕದಲ್ಲಿ ಮನೆಗೆಲಸ 3 ತಾಸು ಎಂದು ಬರೆದದ್ದು ಹುಡುಗಿಯ ದಿನ. ಹುಡುಗನ ದಿನದಲ್ಲಿ ಅದು ಎಷ್ಟು ಇದೆ? ತನ್ನ ತಾಟು ತಾನು ತೊಳೆದ ಮಗನಿಂದ ಮನೆಯ ಮರ್ಯಾದೆ ಹೋಗೋದಿಲ್ಲ. ಪರೀಕ್ಷೆ ಇರುವ ತಿಂಗಳು ಮಗಳ ನೀರಿನ ಕೊಡವನ್ನು ಅಣ್ಣ ಹೊರಲಿ, ಅಪ್ಪ ಹೊರಲಿ.

ಮಾರ್ಥಳ ಮನೆಗೆ ಬಂದ ಯೇಸು, ಅವಳು ಅಡುಗೆ ಮಾಡಿದ್ದು ತಪ್ಪು ಎಂದು ಹೇಳಲಿಲ್ಲ. ಬಹಳ ವಿಷಯಗಳ ಚಿಂತೆಯಲ್ಲಿ ಅವಳು ಒಳಗೊಳಗೇ ಹರಿದುಹೋಗುತ್ತಿದ್ದಾಳೆ ಎಂದು ಕಂಡು, ಹೆಸರು ಹಿಡಿದು ಎರಡು ಸಲ ಕರೆದನು. ನೀವೂ ಮಗುವನ್ನು ಹೆಸರು ಹಿಡಿದು ಕರೆಯಿರಿ. ಕೋಣೆಯ ಬಾಗಿಲಲ್ಲಿ ನಿಂತು ಕೂಗುವುದನ್ನು ಬಿಟ್ಟು ಒಳಗೆ ಹೋಗಿ ಐದು ನಿಮಿಷ ಕೂತುಕೊಳ್ಳಿರಿ. ದುಡಿಯಲು ದೂರ ಹೋದವರು ಫೋನಿನಲ್ಲಿ ಅಂಕ ಕೇಳುವ ಮೊದಲು "ಉಂಡೇನು? ನಿದ್ದಿ ಆಯ್ತೇನು?" ಎಂದು ಕೇಳಿರಿ.

ಸಭೆಯಾಗಿ ನಾವು ಮಾಡಬಹುದಾದದ್ದೂ ಇದೆ. ಪ್ರಾರ್ಥನಾ ಮಂದಿರ ವಾರದ ಬಹಳ ಸಂಜೆ ಬೀಗ ಹಾಕಿಕೊಂಡಿರುತ್ತದೆ. ಅಲ್ಲಿ ಬೆಳಕು ಇದೆ, ಫ್ಯಾನು ಇದೆ, ಚಾಪೆ ಇದೆ. ಪರೀಕ್ಷೆಯ ತಿಂಗಳುಗಳಲ್ಲಿ ಅದನ್ನು ಓದುವ ಮಕ್ಕಳಿಗೆ, ಯಾವ ಮನೆಯ ಯಾವ ಜಾತಿಯ ಮಗುವಾದರೂ ಸರಿ, ತೆರೆದಿಡೋಣ. ಸಭೆಯಲ್ಲಿ ಓದಿದ ಅಣ್ಣಂದಿರು, ಅಕ್ಕಂದಿರು ಇದ್ದೀರಿ. ವಾರಕ್ಕೆ ಎರಡು ಸಂಜೆ ಬಂದು ಆ ಧೂಳು ಹಿಡಿದ ಗಣಿತದ ಪುಸ್ತಕ ತೆರೆಸಿರಿ. ಎಲೀಯನಿಗೆ ರೊಟ್ಟಿ ತಂದ ದೂತನ ಸೇವೆ ಇದೇ.

ಮೂರನೆಯ ಬಗೆಯ ಕೆದರು ಕಂಡವರಿಗೆ ಕೊನೆಯ ಮಾತು. ಪ್ರಾರ್ಥನೆ ಮಾಡಿರಿ, ವೈದ್ಯರ ಹತ್ತಿರವೂ ಕರೆದುಕೊಂಡು ಹೋಗಿರಿ. ಇವೆರಡು ಒಂದಕ್ಕೊಂದು ವಿರೋಧವಲ್ಲ. ಸರ್ಕಾರದ ಟೆಲಿ ಮಾನಸ್ ಎಂಬ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ನಂಬರು 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಇವತ್ತೇ ಬರೆದು ಮನೆಯ ಗೋಡೆಗೆ ಹಚ್ಚಿರಿ. ಅಂಥ ಮಗುವನ್ನು ಆ ರಾತ್ರಿ ಒಬ್ಬನೇ ಮಲಗಲು ಬಿಡಬೇಡಿರಿ. ಪಕ್ಕದಲ್ಲಿ ಹಾಸಿಗೆ ಹಾಸಿಕೊಳ್ಳಿರಿ.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಮಕ್ಕಳು ಹೊತ್ತ ಭಾರವನ್ನು ನೋಡುವ ಕಣ್ಣು ನಮಗೆ ಕೊಡು. ಬೈಯುವ ಮುಂಚೆ ಕೇಳುವ ಕಿವಿ ಕೊಡು. ಹಾಸ್ಟೆಲಿನಲ್ಲಿ, ಬಾಡಿಗೆ ರೂಮಿನಲ್ಲಿ, ಅಜ್ಜಿಯ ಮನೆಯಲ್ಲಿ ಓದುತ್ತಿರುವ ಪ್ರತಿಯೊಬ್ಬ ಮಗುವಿಗೆ ಇವತ್ತು ರಾತ್ರಿ ಒಳ್ಳೆಯ ನಿದ್ದೆಯನ್ನೂ ನಾಳೆಗೆ ಬಲವನ್ನೂ ದಯಪಾಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.